ಇಲ್ಲದ ಹುಡುಗನ ತೋಳಿನ ಉದ್ದ

ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳಲ್ಲಿ ನಾನಾ ನಮೂನೆಯವರಿದ್ದಾರೆ. ಡಿಸೆಂಬರ್ ಚಳಿಯಲ್ಲಿ ಅಂಗಿ ಕಿತ್ತೆಸೆದು, ಎದೆಗೆ ತಂಡದ ಬಣ್ಣ ಬಳಿದುಕೊಂಡು ಅರಚುವವನು ಒಬ್ಬ. ಸೋತ ಭಾನುವಾರ ರಿಮೋಟನ್ನು ಗೋಡೆಗೆ ಎಸೆದು, ಸೋಮವಾರ ಹೊಸ ರಿಮೋಟ್ ತರುವವನು ಇನ್ನೊಬ್ಬ. ಇವರಿಬ್ಬರ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುವ ಮೂರನೆಯವನೊಬ್ಬನಿದ್ದಾನೆ. ಒಹಾಯೊದಲ್ಲೋ ಪೆನ್ಸಿಲ್ವೇನಿಯದಲ್ಲೋ ಒಂದು ಮಧ್ಯಮ ಗಾತ್ರದ ಊರು, ವಿಮಾ ಕಚೇರಿಯಲ್ಲಿ ಕೆಲಸ, ಮನೆಯ ನೆಲಮಾಳಿಗೆಯಲ್ಲಿ ಒಂದು ಮೇಜು, ಅದರ ಮೇಲೆ ಎರಡು ಕಂಪ್ಯೂಟರ್ ಪರದೆ. ಯಾವ ತಂಡ ಗೆದ್ದಿತು ಎಂದು ಕೇಳಿದರೆ ಅವನು ಸ್ವಲ್ಪ ತಡವರಿಸಬಹುದು. ಆದರೆ ಗೆದ್ದ ತಂಡದ ಬಲಗಡೆಯ ಗಾರ್ಡ್ ಕಾಲೇಜಿನಲ್ಲಿದ್ದಾಗ ಎಷ್ಟು ತೂಗುತ್ತಿದ್ದ ಎಂದು ಕೇಳಿ ನೋಡಿ, ಊಟ ಬಿಟ್ಟು ಎದ್ದು ಬರುತ್ತಾನೆ. ಇವನನ್ನು ಲೈನ್ ಪಂಡಿತ ಎನ್ನೋಣ.

ಅವನ ವಿದ್ಯೆ ತಿಳಿಯಬೇಕಾದರೆ ಮೊದಲು ಲೈನ್ ಎಂದರೇನೆಂದು ತಿಳಿಯಬೇಕು. ಚೆಂಡು ಕೈಯಲ್ಲಿರುವ ತಂಡದ ಹನ್ನೊಂದು ಜನರಲ್ಲಿ ಐವರು ಎದುರಾಳಿಗೆ ಮುಖ ಕೊಟ್ಟು ಸಾಲಾಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡುಗಳು, ಎರಡು ತುದಿಗಳಲ್ಲಿ ಟ್ಯಾಕಲ್‌ಗಳು. ಒಬ್ಬೊಬ್ಬನೂ ಮುನ್ನೂರು ಪೌಂಡಿನ ಆಸುಪಾಸು, ಅಂದರೆ ಸುಮಾರು 136 ಕಿಲೋ. ಬೆನ್ನ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೆ, ಎರಡೂವರೆ ಮೂರು ಸೆಕೆಂಡು, ಅವನ ಮೈಮೇಲೆ ಯಾರೂ ಬೀಳದಂತೆ ತಡೆಯುವುದು ಇವರ ಕೆಲಸ. ಚೆಂಡನ್ನು ಅವರು ಹಿಡಿಯುವುದಿಲ್ಲ, ಎಸೆಯುವುದಿಲ್ಲ, ಅಂಕ ಗಳಿಸುವುದಿಲ್ಲ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಇವರು ಚೌಕಟ್ಟಿನಾಚೆ ಉಳಿದುಹೋಗುತ್ತಾರೆ. ಮದುವೆಮನೆಯ ಅಡುಗೆಯವರ ಪಾಡೇ ಇವರದ್ದೂ: ಊಟ ಚೆನ್ನಾಗಿದ್ದರೆ ಎಲ್ಲರೂ ಮದುವೆಯನ್ನು ಹೊಗಳುತ್ತಾರೆ, ಸಾರಿಗೆ ಉಪ್ಪು ಹೆಚ್ಚಾದರೆ ಮಾತ್ರ ಅಡುಗೆ ಯಾರದ್ದು ಎಂದು ವಿಚಾರಿಸುತ್ತಾರೆ. ಎದುರಾಳಿಯ ಅಂಗಿ ಹಿಡಿದೆಳೆದ ತಪ್ಪಿಗೆ ರೆಫರಿ ಹಳದಿ ಬಟ್ಟೆ ಎಸೆದು, ಮೈಕಿನಲ್ಲಿ ನಂಬರ್ ಕೂಗಿ, ಹತ್ತು ಗಜ ಹಿಂದಕ್ಕೆ ತಳ್ಳುತ್ತಾನಲ್ಲ, ಹೆಚ್ಚಿನ ಲೈನ್‌ಮನ್‌ಗಳ ತಾಯಂದಿರು ಮಗನ ನಂಬರನ್ನು ಟಿವಿಯಲ್ಲಿ ಕೇಳುವುದು ಆಗಲೇ.

ಇಂಥವರನ್ನೇ ನೋಡುವುದು ಲೈನ್ ಪಂಡಿತನ ಹೆಚ್ಚುಗಾರಿಕೆ. ಎಲ್ಲರೂ ಚೆಂಡನ್ನು ನೋಡುತ್ತಾರೆ, ತಾನು ಪಾದಗಳನ್ನು ನೋಡುತ್ತೇನೆ ಎಂದು ಅವನು ಹೇಳಿಕೊಳ್ಳುವುದುಂಟು, ಯಾರೂ ಕೇಳದಿದ್ದಾಗಲೂ.

ಪ್ರತಿ ವಸಂತದಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಕಾಲೇಜು ಆಟಗಾರರನ್ನು ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಆಟವಿಲ್ಲ, ಚೆಂಡಿಲ್ಲ, ವೇದಿಕೆಯ ಮೇಲೆ ಒಬ್ಬರು ಬಂದು ಹೆಸರು ಓದುತ್ತಾರೆ, ಅಷ್ಟೇ. ಅದನ್ನು ನೋಡಲು 2024ರಲ್ಲಿ ಡೆಟ್ರಾಯಿಟ್‌ನಲ್ಲಿ ಮೂರು ದಿನಗಳಲ್ಲಿ ಏಳೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. 1936ರಲ್ಲಿ ಮೊದಲ ಡ್ರಾಫ್ಟ್ ಫಿಲಡೆಲ್ಫಿಯದ ಒಂದು ಹೋಟೆಲಿನಲ್ಲಿ ನಡೆದಾಗ ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎನ್‌ಎಫ್‌ಎಲ್ ಕಡೆಗೆ ತಲೆಯನ್ನೇ ಹಾಕಲಿಲ್ಲ, ಒಂದೂ ಪಂದ್ಯ ಆಡಲಿಲ್ಲ. ಪಂಡಿತ ಈ ಸಂಗತಿಯನ್ನು ಸಂತೋಷದಿಂದ ಹೇಳುತ್ತಾನೆ. ಶಾಸ್ತ್ರ ಶುರುವಾದದ್ದೇ ಎಡವಟ್ಟಿನಿಂದ ಎಂದಮೇಲೆ ತನ್ನ ಎಡವಟ್ಟುಗಳನ್ನು ಯಾರು ಎಣಿಸುತ್ತಾರೆ?

ಡ್ರಾಫ್ಟಿಗೆ ಮುಂಚೆ, ಫೆಬ್ರುವರಿಯ ಕೊನೆಯ ಹೊತ್ತಿಗೆ, ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಪರೀಕ್ಷೆ. ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಕರೆಸಿ, ತೂಗಿ, ಅಳೆದು, 40 ಗಜ ಓಡಿಸಿ, 225 ಪೌಂಡಿನ ಭಾರವನ್ನು ಎಷ್ಟು ಸಲ ಎತ್ತುತ್ತಾರೆಂದು ಎಣಿಸುತ್ತಾರೆ. ಪಂಡಿತನಿಗೆ ಇದು ದೀಪಾವಳಿ. ಎತ್ತರವನ್ನು ಅಲ್ಲಿ ನಾಲ್ಕು ಅಂಕಿಗಳಲ್ಲಿ ಬರೆಯುವ ರೂಢಿ: 6045 ಎಂದರೆ ಆರಡಿ ನಾಲ್ಕಿಂಚು ಮತ್ತು ಎಂಟನೆಯ ಐದು ಭಾಗ. ಪಂಡಿತ ಮನೆಯಲ್ಲೂ ಹೀಗೆಯೇ ಮಾತಾಡುತ್ತಾನೆ. ಅವನ ಹೆಂಡತಿ 5042.

ಎತ್ತರಕ್ಕಿಂತ ಹೆಚ್ಚಿನದು ತೋಳಿನ ಉದ್ದ. ಭುಜದ ತುದಿಯಿಂದ ನಡುಬೆರಳಿನ ತುದಿಯವರೆಗೆ ಟೇಪು ಹಿಡಿಯುತ್ತಾರೆ. ಕಾರಣ ಸರಳ: ನುಗ್ಗಿ ಬರುವವನ ಎದೆಗೆ ಯಾರ ಕೈ ಮೊದಲು ತಾಗುತ್ತದೋ ಅವನ ಮಾತು ನಡೆಯುತ್ತದೆ. ಟ್ಯಾಕಲ್ ಆಗುವವನಿಗೆ 33 ಇಂಚಾದರೂ ಇರಬೇಕು, 34 ಇದ್ದರೆ ಪಂಡಿತನ ಮುಖ ಅರಳುತ್ತದೆ. 2025ರಲ್ಲಿ ಎಲ್‌ಎಸ್‌ಯು ಕಾಲೇಜಿನ ವಿಲ್ ಕ್ಯಾಂಪ್‌ಬೆಲ್ ಎಂಬ ಎಡ ಟ್ಯಾಕಲ್‌ನ ತೋಳು ಕಂಬೈನ್‌ನಲ್ಲಿ 32 ಇಂಚು ಮತ್ತು ಎಂಟನೆಯ ಐದು ಭಾಗ ಬಂತು. ಕೆಲವೇ ವಾರಗಳ ನಂತರ ಅವನ ಕಾಲೇಜಿನಲ್ಲೇ ಅಳೆದಾಗ ಸರಿಯಾಗಿ 33. ಇಪ್ಪತ್ತೊಂದರ ಹುಡುಗನ ತೋಳು ಒಂದು ತಿಂಗಳಲ್ಲಿ ಬೆಳೆಯಿತೋ, ಟೇಪು ಕುಗ್ಗಿತೋ ಎಂದು ದೇಶದ ಪಂಡಿತರೆಲ್ಲ ರಾತ್ರಿಯಿಡೀ ವಾದಿಸಿದರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಅವನನ್ನು ನಾಲ್ಕನೆಯವನಾಗಿ ಆರಿಸಿಕೊಂಡಿತು. ನಮ್ಮವನು ಅಷ್ಟಕ್ಕೇ ಬಿಡಲಿಲ್ಲ, ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮೂರು ಬ್ರ್ಯಾಂಡಿನ ಟೇಪು ತಂದು ತನ್ನ ತೋಳನ್ನೇ ಅಳೆದುಕೊಂಡ. ಮೂರೂ ಒಂದೇ ಹೇಳಿದವು. ಅವನು ಯಾವ ತಂಡಕ್ಕೂ ಬೇಡ.

ಈ ಕಣ್ಣು ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಮಗಳು ತನ್ನ ಗೆಳೆಯನನ್ನು ಮೊದಲ ಸಲ ಮನೆಗೆ ಕರೆತಂದಳೆನ್ನಿ. ಹುಡುಗ ಎತ್ತರವಾಗಿದ್ದಾನೆ, ಕೈ ಕುಲುಕಿದಾಗ ಅಂಗೈ ದೊಡ್ಡದು. ಪಂಡಿತ ಹಿಡಿದ ಕೈ ಬಿಡದೆ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕಣ್ಣಳತೆ ಮಾಡುತ್ತಾನೆ. ಹತ್ತಿಂಚು ಇರಬಹುದು. ಊಟದ ನಡುವೆ ಹುಡುಗನ ಫೋರ್ಕ್ ಕೆಳಗೆ ಬೀಳುತ್ತದೆ, ಬಗ್ಗಿ ಎತ್ತಿಕೊಳ್ಳುತ್ತಾನೆ. ಪಂಡಿತನ ಮುಖ ಸಪ್ಪಗಾಗುತ್ತದೆ. ರಾತ್ರಿ ಪಾತ್ರೆ ತೊಳೆಯುವಾಗ ಹೆಂಡತಿ ಹುಡುಗ ಹೇಗೆ ಅನ್ನಿಸಿದ ಎಂದು ಮೆಲ್ಲಗೆ ಕೇಳುತ್ತಾಳೆ.

“ಸೊಂಟ ಬಗ್ಗಿಸ್ತಾನೆ, ಮಂಡಿ ಬಗ್ಗಿಸಲ್ಲ.”

“ಅದಲ್ಲ, ಹುಡುಗ ಒಳ್ಳೆಯವನಾ?”

“ಗಾರ್ಡ್ ಮಾಡಿ ಆಡಿಸಬಹುದು. ನಾಲ್ಕನೇ ಸುತ್ತಿಗಿಂತ ಮೊದಲು ತಗೋಬಾರದು.”

ಸೊಂಟ ಬಗ್ಗಿಸುವುದು ಈ ಲೋಕದಲ್ಲಿ ಮಹಾಪಾಪ. ಮಂಡಿ ಮಡಚಿ, ಪೃಷ್ಠ ಕೆಳಗಿಳಿಸಿ, ಬೆನ್ನು ನೇರ ಇಟ್ಟವನಿಗೆ ನೂಕುವ ಬಲ ಕಾಲಿನಿಂದ ಬರುತ್ತದೆ. ಸೊಂಟದಲ್ಲಿ ಮುಂದಕ್ಕೆ ಬಾಗಿದವನನ್ನು ಎದುರಾಳಿ ಒಂದು ಎಳೆತಕ್ಕೆ ಮೂಗಿನ ಮೇಲೆ ಬೀಳಿಸುತ್ತಾನೆ. ಪಂಡಿತ ಇದನ್ನು ಹೇಳುವಾಗ ಎದ್ದು ನಿಂತು ಮಾಡಿ ತೋರಿಸುತ್ತಾನೆ. ಎಡಗಾಲನ್ನು ಹಿಂದಕ್ಕೆ ಒದ್ದಂತೆ ಜಾರಿಸಿ, ಬಲಗಾಲನ್ನು ಅದರ ಹಿಂದೆ ಎಳೆದು, ಎರಡೂ ಕೈ ಎದೆಯ ಮುಂದೆ ಹಿಡಿದು, ಅಡುಗೆಮನೆಯ ಫ್ರಿಜ್‌ನಿಂದ ಹಿತ್ತಿಲ ಬಾಗಿಲವರೆಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಾನೆ. ಇದಕ್ಕೆ ಕಿಕ್ ಸ್ಲೈಡ್ ಎಂದು ಹೆಸರು. ಮನೆಯ ಬೆಕ್ಕಿಗೆ ಇದು ಅಭ್ಯಾಸವಾಗಿದೆ, ಎದ್ದು ದಾರಿ ಬಿಡುತ್ತದೆ. ದಪ್ಪಗಿದ್ದೂ ಹಗುರ ಹೆಜ್ಜೆ ಹಾಕುವವನು ಅವನ ಭಾಷೆಯಲ್ಲಿ ‘ಕುಣಿಯುವ ಕರಡಿ’. ನೂಕಿದರೆ ಕದಲದವನ ‘ಚಡ್ಡಿಯಲ್ಲಿ ಮರಳಿದೆ’. ಎರಡೂ ಹೊಗಳಿಕೆಗಳೇ, ಸಂಬಂಧಪಟ್ಟವರಿಗೆ ಮಾತ್ರ ಅದು ಗೊತ್ತು.

ಈ ವಂಶಕ್ಕೆ ಮೂಲಪುರುಷರಿಲ್ಲದಿಲ್ಲ. ಬ್ರೂಕ್ಲಿನ್‌ನ ಒಂದು ಸಣ್ಣ ಮನೆಯಲ್ಲಿ ಜೋಯಲ್ ಬುಕ್ಸ್‌ಬಾಮ್ ಎಂಬವರಿದ್ದರು. ಆಟಗಾರರಲ್ಲ, ಕೋಚ್ ಅಲ್ಲ. ಹಗಲೂ ರಾತ್ರಿ ಪಂದ್ಯಗಳ ವಿಡಿಯೊ ಟೇಪು ನೋಡುವುದು, ಫೋನ್ ಮಾಡುವುದು, ‘ಪ್ರೊ ಫುಟ್‌ಬಾಲ್ ವೀಕ್ಲಿ’ಗೆ ಬರೆಯುವುದು, ಇಷ್ಟೇ ಅವರ ಬದುಕು. ಬಿಲ್ ಬೆಲಿಚಿಕ್‌ರಂಥ ಕೋಚ್‌ಗಳು ಅವರ ಮಾತಿಗೆ ಕಿವಿಗೊಡುತ್ತಿದ್ದರು. 2002ರಲ್ಲಿ, 48ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇನ್ನೊಬ್ಬರು ಬಾಲ್ಟಿಮೋರ್‌ನ ಮೆಲ್ ಕೈಪರ್. ಹುಡುಗನಾಗಿದ್ದಾಗಲೇ ಡ್ರಾಫ್ಟಿನ ಪುಸ್ತಕ ಅಚ್ಚು ಹಾಕಿ ಮಾರಿದವರು, 1984ರಿಂದ ಇಎಸ್‌ಪಿಎನ್ ವಾಹಿನಿಯಲ್ಲಿ ಕೂತಿದ್ದಾರೆ. 1994ರಲ್ಲಿ ಇಂಡಿಯಾನಾಪೊಲಿಸ್ ತಂಡದ ಆಯ್ಕೆಯನ್ನು ಅವರು ನೇರ ಪ್ರಸಾರದಲ್ಲೇ ಜರೆದಾಗ, ಆ ತಂಡದ ಮುಖ್ಯಸ್ಥ ಬಿಲ್ ಟೋಬಿನ್ ಅದೇ ವಾಹಿನಿಯಲ್ಲಿ, ಅಷ್ಟಕ್ಕೂ ಈ ಕೈಪರ್ ಯಾರು ಎಂದು ಕೆರಳಿ ಕೇಳಿದರು. ಆ ಪ್ರಶ್ನೆ ಕೇಳಿದ್ದರಿಂದಲೇ ಕೈಪರ್ ಯಾರೆಂದು ಇಡೀ ದೇಶಕ್ಕೆ ತಿಳಿಯಿತು. ನಮ್ಮ ಪಂಡಿತನನ್ನು ಈತನಕ ಯಾರೂ ಹಾಗೆ ಕೇಳಿಲ್ಲ, ಕಾಯುತ್ತಿದ್ದಾನೆ.

ಏಪ್ರಿಲ್ ಮುಗಿದ ಮೇಲೆ ಇವನ ನಿಜವಾದ ರೋಗ ಹೊರಬೀಳುತ್ತದೆ. ಡ್ರಾಫ್ಟ್ ಆಯಿತು, ಮುಂದಿನದ್ದಕ್ಕೆ ವರ್ಷ ಕಾಯಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಹಾಗಾಗಿ ಅವನು ಕಂಪ್ಯೂಟರಿನಲ್ಲಿ ಆಡುವ ಫುಟ್‌ಬಾಲ್ ಲೀಗೊಂದಕ್ಕೆ ಸೇರಿದ್ದಾನೆ. ಊರೂರುಗಳಲ್ಲಿ ಕೂತ 32 ಜನ, ತಲೆಗೊಂದು ತಂಡ. ಅವರ ಪಾಲಿಗೆ ಕೆಲವೇ ವಾರಗಳಿಗೊಂದು ಹೊಸ ಋತು ಹುಟ್ಟುತ್ತದೆ, ಋತುವಿಗೊಂದು ಡ್ರಾಫ್ಟ್. ಆಟಗಾರರೆಲ್ಲ ಕಟ್ಟುಕತೆ. ಒಂದು ಪಟ್ಟಿಯಿಂದ ಮೊದಲ ಹೆಸರು, ಇನ್ನೊಂದರಿಂದ ಮನೆಹೆಸರು ಎತ್ತಿ, ಒಂದು ಕಾಲೇಜು ಅಂಟಿಸಿ, ಎತ್ತರ ತೂಕ ಕೊಟ್ಟು ಯಂತ್ರವೇ ನೂರಾರು ಹುಡುಗರನ್ನು ಹಡೆಯುತ್ತದೆ. ಪ್ರತಿಯೊಬ್ಬನ ನಿಜವಾದ ಯೋಗ್ಯತೆ ಒಂದು ಸಂಖ್ಯೆಯಾಗಿ ಒಳಗೆಲ್ಲೋ ಬಚ್ಚಿಟ್ಟಿರುತ್ತದೆ. ಪರದೆಯ ಮೇಲೆ ಕಾಣುವುದು ಅದರ ಮಸುಕು ಅಂದಾಜು ಮಾತ್ರ. ಪ್ರತಿಭೆ ಹುಡುಕುವ ಸ್ಕೌಟ್‌ಗಳಿಗೆ ಲೆಕ್ಕದ ದುಡ್ಡು ಸುರಿದಷ್ಟೂ ಮಸುಕು ಕೊಂಚ ಕಡಿಮೆಯಾಗುತ್ತದೆ.

ಕಂಪ್ಯೂಟರ್ ಫುಟ್‌ಬಾಲಿನಲ್ಲಿ ಲೈನ್‌ಮನ್‌ಗಳು ಉಳಿದುಕೊಂಡಿರುವುದೇ ಒಬ್ಬ ಲೈನ್‌ಮನ್‌ನ ಹಟದಿಂದ. ಜಾನ್ ಮ್ಯಾಡನ್ ಕಾಲೇಜಿನಲ್ಲಿ ಟ್ಯಾಕಲ್ ಆಗಿದ್ದವರು. 1958ರ ಡ್ರಾಫ್ಟಿನಲ್ಲಿ ಫಿಲಡೆಲ್ಫಿಯ ಈಗಲ್ಸ್ ಅವರನ್ನು 21ನೆಯ ಸುತ್ತಿನಲ್ಲಿ, 244ನೆಯವರಾಗಿ ಆರಿಸಿತು. ತಾಲೀಮಿನಲ್ಲೇ ಮಂಡಿಗೆ ಪೆಟ್ಟಾಗಿ ಒಂದೂ ಪಂದ್ಯ ಆಡದೆ ಮನೆಗೆ ಬಂದರು. ಮುಂದೆ ಓಕ್ಲೆಂಡ್ ರೈಡರ್ಸ್ ತಂಡದ ಕೋಚ್ ಆಗಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು, ಟಿವಿ ವಿವರಣೆಕಾರರಾಗಿ ಮನೆಮಾತಾದರು. ಎಂಬತ್ತರ ದಶಕದಲ್ಲಿ ಅವರ ಹೆಸರಿನಲ್ಲಿ ಕಂಪ್ಯೂಟರ್ ಆಟ ಮಾಡಲು ಬಂದವರು, ಯಂತ್ರದ ಶಕ್ತಿ ಸಾಲದು, ತಂಡಕ್ಕೆ ಏಳೇ ಜನರನ್ನು ಇಟ್ಟುಕೊಳ್ಳೋಣ ಎಂದರು. ಲೈನ್ ಇಲ್ಲದ್ದು ಫುಟ್‌ಬಾಲೇ ಅಲ್ಲ, ಹನ್ನೊಂದು ಇದ್ದರೆ ನನ್ನ ಹೆಸರು, ಇಲ್ಲದಿದ್ದರೆ ಇಲ್ಲ ಎಂದು ಮ್ಯಾಡನ್ ಪಟ್ಟು ಹಿಡಿದರು. ಕೆಲಸ ವರ್ಷಗಟ್ಟಲೆ ಎಳೆಯಿತು, 1988ರಲ್ಲಿ ಆಟ ಹೊರಬಂದಾಗ ಹನ್ನೊಂದೂ ಜನ ಇದ್ದರು. ಪಂಡಿತನ ನೆಲಮಾಳಿಗೆಯಲ್ಲಿ ತೂಗುಹಾಕಿರುವ ಏಕೈಕ ಭಾವಚಿತ್ರ ಮ್ಯಾಡನ್‌ರದ್ದು.

ಇಲ್ಲದ ಹುಡುಗನನ್ನು ಪರೀಕ್ಷಿಸುವಾಗಲೂ ಪಂಡಿತನ ಗಾಂಭೀರ್ಯಕ್ಕೆ ಕುಂದಿಲ್ಲ. ಉಳಿದ 31 ಜನ ಪರದೆಯ ಅಂಕಿ ನೋಡಿ ಐದು ನಿಮಿಷಕ್ಕೆ ಒಬ್ಬನನ್ನು ಆರಿಸುತ್ತಾರೆ. ಇವನು ವರದಿ ಬರೆಯುತ್ತಾನೆ. “ಎಡ ಟ್ಯಾಕಲ್. 6053, 318 ಪೌಂಡ್. ಓಟ ಸಾಧಾರಣ, ಆದರೆ ಮೊದಲ ಹತ್ತು ಗಜ ಚುರುಕು. ಕಾಲೇಜಿನಲ್ಲಿ ಕೆಳಮಟ್ಟದ ಎದುರಾಳಿಗಳ ವಿರುದ್ಧ ಬೆಳೆದವನು. ಮಾತು ಕಡಿಮೆ. ತಾಯಿಯ ಮೇಲೆ ಪ್ರೀತಿ ಇದ್ದಂತಿದೆ.” ಕೊನೆಯ ವಾಕ್ಯ ಎಲ್ಲಿಂದ ಬಂತೆಂದು ಯಾರೂ ಕೇಳಬಾರದು.

ತೋಳಿನ ವಿಷಯವಂತೂ ಇನ್ನೂ ಚೆಂದ. ಆ ಆಟದಲ್ಲಿ ತೋಳಿನ ಉದ್ದ ಎಂಬ ಅಂಕಣವೇ ಇಲ್ಲ. ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಪಂಡಿತ ಬಿಡುತ್ತಾನೆಯೇ? ನಿಜವಾದ ಕಂಬೈನ್‌ನ ಹಳೆಯ ಅಳತೆಗಳನ್ನೆಲ್ಲ ಎಕ್ಸೆಲ್‌ಗೆ ತುಂಬಿ, ಎತ್ತರ, ತೂಕ ಮತ್ತು ಭಾರ ಎತ್ತಿದ ಲೆಕ್ಕದಿಂದ ತೋಳಿನ ಉದ್ದ ಊಹಿಸುವ ಸೂತ್ರವೊಂದನ್ನು ಕಟ್ಟಿದ್ದಾನೆ. ಉದ್ದ ತೋಳಿನವನಿಗೆ ಭಾರ ಹೆಚ್ಚು ದೂರ ಎತ್ತಬೇಕಾಗುತ್ತದೆ, ಆದ್ದರಿಂದ ಕಡಿಮೆ ಸಲ ಎತ್ತುತ್ತಾನೆ ಎಂಬುದು ತರ್ಕ. ತರ್ಕದಲ್ಲಿ ತಪ್ಪಿಲ್ಲ, ತೋಳು ಇಲ್ಲ ಅಷ್ಟೇ. ಸೂತ್ರದ ಪ್ರಕಾರ ಈ ಹುಡುಗನದ್ದು 34 ಇಂಚು ಮತ್ತು ಕಾಲು.

ಹುಡುಗ ಚೆನ್ನಾಗಿಲ್ಲ ಎಂದು ಬೇರೆ ಯಾರಾದರೂ ಮೂಗು ಮುರಿದರೆ ಪಂಡಿತನ ಬತ್ತಳಿಕೆ ಬಿಚ್ಚಿಕೊಳ್ಳುತ್ತದೆ. ಸಣ್ಣಗಿದ್ದಾನೆ ಎಂದಿರೋ, ಜೇಸನ್ ಕೆಲ್ಸಿ ಬರುತ್ತಾನೆ: 280 ಪೌಂಡಿನ ಸೆಂಟರ್, 2011ರಲ್ಲಿ ಆರನೆಯ ಸುತ್ತು, 191ನೆಯ ಆಯ್ಕೆ, ಆಮೇಲೆ 13 ಋತು ಒಂದೇ ತಂಡ, ಆರು ಸಲ ಆಲ್ ಪ್ರೊ, ಅಂದರೆ ಋತುವಿನ ಶ್ರೇಷ್ಠರ ಪಟ್ಟಿಯ, ಮೊದಲ ತಂಡದಲ್ಲಿ ಸ್ಥಾನ. ನಿಧಾನ ಎಂದಿರೋ, ಆರ್ಲ್ಯಾಂಡೊ ಬ್ರೌನ್ ಜೂನಿಯರ್ ಇದ್ದಾನೆ. 2018ರ ಕಂಬೈನ್‌ನಲ್ಲಿ 40 ಗಜಕ್ಕೆ 5.85 ಸೆಕೆಂಡು ತೆಗೆದುಕೊಂಡ, ಭಾರವನ್ನು ಎತ್ತಿದ್ದು 14 ಸಲ, ನಗೆಪಾಟಲಾಗಿ ಮೂರನೆಯ ಸುತ್ತಿಗೆ ಜಾರಿದ. ಆಮೇಲೆ ನಾಲ್ಕು ಸಲ ತಾರೆಯರ ಸಾಲಾದ ಪ್ರೊ ಬೌಲ್‌ಗೆ ಆಯ್ಕೆಯಾದ, ಕಾನ್ಸಾಸ್ ಸಿಟಿಯೊಂದಿಗೆ ಸೂಪರ್ ಬೌಲ್ ಗೆದ್ದ. ಹುಡುಗನಿಗೆ ಆಟವೇ ಬಾರದು ಎಂದರೂ ಉತ್ತರ ಸಿದ್ಧ. ಜೋರ್ಡನ್ ಮೈಲಾಟಾ ಸಿಡ್ನಿಯ ರಗ್ಬಿ ಹುಡುಗ, ಆರಡಿ ಎಂಟಿಂಚು, ಅಮೆರಿಕನ್ ಫುಟ್‌ಬಾಲ್ ಪಂದ್ಯ ಒಂದನ್ನೂ ಆಡಿದವನಲ್ಲ. 2018ರಲ್ಲಿ ಈಗಲ್ಸ್ ಏಳನೆಯ ಸುತ್ತಿನಲ್ಲಿ ಎತ್ತಿಕೊಂಡಿತು. 2025ರ ಫೆಬ್ರುವರಿಯಲ್ಲಿ ಅದೇ ತಂಡ ಸೂಪರ್ ಬೌಲ್ ಗೆದ್ದಾಗ ಎಡ ಟ್ಯಾಕಲ್ ಅವನೇ.

ಈ ಬಾಣಗಳು ಎರಡೂ ಕಡೆಗೆ ಹಾರುತ್ತವೆ ಎಂಬುದನ್ನು ಪಂಡಿತ ಜಾಣತನದಿಂದ ಮರೆಯುತ್ತಾನೆ. 1989ರಲ್ಲಿ ಟೋನಿ ಮ್ಯಾಂಡರಿಚ್ ಎಂಬ ಟ್ಯಾಕಲ್ ಎಲ್ಲ ಅಳತೆಗಳಲ್ಲೂ ಬೆರಗು ಹುಟ್ಟಿಸಿದ್ದ, ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಮುಖಪುಟದಲ್ಲಿ ಅಂಗಿಯಿಲ್ಲದೆ ನಿಂತಿದ್ದ. ಗ್ರೀನ್ ಬೇ ಪ್ಯಾಕರ್ಸ್ ಅವನನ್ನು ಎರಡನೆಯವನಾಗಿ ಆರಿಸಿತು. ಅವನಿಗಿಂತ ಮೊದಲು ಟ್ರಾಯ್ ಐಕ್‌ಮನ್, ಅವನ ನಂತರ ಸಾಲಾಗಿ ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ಮೊದಲ ಐವರಲ್ಲಿ ನಾಲ್ವರು ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ಸೇರದಿದ್ದ ಒಬ್ಬ ಯಾರೆಂದು ಪ್ಯಾಕರ್ಸ್ ಅಭಿಮಾನಿಗಳನ್ನು ಕೇಳಬೇಡಿ.

2013 ಲೈನ್ ಪಂಡಿತರ ಪಾಲಿನ ಸುಗ್ಗಿಯ ವರ್ಷ. ಮೊದಲ ನಾಲ್ಕು ಆಯ್ಕೆಗಳಲ್ಲಿ ಮೂರು ಟ್ಯಾಕಲ್‌ಗಳು: ಎರಿಕ್ ಫಿಶರ್, ಲ್ಯೂಕ್ ಜೋಕಲ್, ಲೇನ್ ಜಾನ್ಸನ್. ಮೂವರಲ್ಲಿ ತೀರ ಭರವಸೆಯವನು ಜೋಕಲ್ ಎಂದು ಹಲವರು ಎಣಿಸಿದ್ದರು, ಐದು ಋತುವಿಗೆ ಅವನ ಆಟ ಮುಗಿಯಿತು. ಕ್ವಾರ್ಟರ್‌ಬ್ಯಾಕ್ ಆಗಿ ಶುರುಮಾಡಿ, ಟೈಟ್ ಎಂಡ್ ಆಗಿ, ಡಿಫೆನ್ಸಿನಲ್ಲೂ ಸುತ್ತಾಡಿ, ಕೊನೆಗೆ ಲೈನಿಗೆ ಬಂದ ಜಾನ್ಸನ್ ಎರಡು ಸೂಪರ್ ಬೌಲ್ ಗೆದ್ದ. 31ನೆಯವನಾಗಿ ಟ್ರಾವಿಸ್ ಫ್ರೆಡರಿಕ್‌ನನ್ನು ಡಲ್ಲಸ್ ತಂಡ ಆರಿಸಿದಾಗ ಅಷ್ಟು ನಿಧಾನದ ಸೆಂಟರ್‌ಗೆ ಮೊದಲ ಸುತ್ತು ದಂಡವೆಂದು ಪಂಡಿತರು ಹುಬ್ಬೇರಿಸಿದರು. ಅವನು ಐದು ಸಲ ಪ್ರೊ ಬೌಲ್‌ಗೆ ಆಯ್ಕೆಯಾದ. 109ನೆಯವನಾಗಿ, ನಾಲ್ಕನೆಯ ಸುತ್ತಿನಲ್ಲಿ, ಯಾರೂ ತಲೆಯೆತ್ತಿ ನೋಡದ ಹೊತ್ತಿನಲ್ಲಿ ಹೋದ ಡೇವಿಡ್ ಬಾಕ್ಟಿಯಾರಿ ಗ್ರೀನ್ ಬೇಯ ಎಡ ಟ್ಯಾಕಲ್ ಆಗಿ ಆಲ್ ಪ್ರೊ ಆದ. ಈ ನಾಲ್ಕನ್ನೂ ಮೊದಲೇ ಕಂಡಿದ್ದೆ ಎಂದು ನಮ್ಮವನು ಹೇಳುತ್ತಾನೆ. ಆಗಿನ ಅವನ ಟಿಪ್ಪಣಿ ಪುಸ್ತಕ ಮಾತ್ರ ನೆಲಮಾಳಿಗೆಗೆ ನೀರು ನುಗ್ಗಿದಾಗ ಹಾಳಾಯಿತಂತೆ.

ನಿಜದ ಲೋಕದಲ್ಲಿ ಹೀಗೆ ನುಣುಚಿಕೊಳ್ಳಲು ದಾರಿಗಳುಂಟು. ಕೋಚ್ ಕೆಡಿಸಿದ, ಮಂಡಿ ಕೈಕೊಟ್ಟಿತು, ಪಕ್ಕದ ಗಾರ್ಡ್ ದಂಡಪಿಂಡ, ತಪ್ಪು ಊರಿಗೆ ಹೋದ. ಹುಡುಗನ ಯೋಗ್ಯತೆ ಇಷ್ಟೇ ಎಂದು ಎಲ್ಲೂ ಬರೆದಿಟ್ಟಿರುವುದಿಲ್ಲ. ಆಟದಲ್ಲಿ ಹಾಗಲ್ಲ. ಬರೆದಿಟ್ಟಿದೆ, ಕಡತದೊಳಗೇ ಇದೆ. ಚಿಕ್ಕದೊಂದು ಎಡಿಟರ್ ತೆರೆದರೆ ಸಂಖ್ಯೆ ಕಣ್ಣಿಗೆ ಬೀಳುತ್ತದೆ, ಕೆಲವು ಕಿಡಿಗೇಡಿಗಳು ತೆರೆದು ನೋಡುವುದೂ ಉಂಟು. ಪಂಡಿತ ಒಮ್ಮೆಯೂ ತೆರೆದಿಲ್ಲ. ಅದನ್ನು ಅವನು ಪ್ರಾಮಾಣಿಕತೆ ಎನ್ನುತ್ತಾನೆ. ಅವನ ಮಗಳ ಅಭಿಪ್ರಾಯ ಬೇರೆ: ಸಂಖ್ಯೆ ಗೊತ್ತಾದರೆ ಅಪ್ಪನಿಗೆ ಸಂಜೆ ಹೊತ್ತು ಹೋಗುವುದಿಲ್ಲ.

ಮೇ ತಿಂಗಳ ಒಂದು ರಾತ್ರಿ ಲೀಗಿನ ಡ್ರಾಫ್ಟ್ ಶುರುವಾಗುತ್ತದೆ. ಪಂಡಿತ ಎರಡನೆಯ ಸುತ್ತಿನ ಎರಡು ಆಯ್ಕೆಗಳನ್ನು ಬಿಟ್ಟುಕೊಟ್ಟು, ಮೇಲಕ್ಕೇರಿ, 34 ಇಂಚು ಮತ್ತು ಕಾಲಿನ ತೋಳಿನವನನ್ನು ಆರನೆಯ ಆಯ್ಕೆಯಾಗಿ ಪಡೆಯುತ್ತಾನೆ. ಏಳನೆಯದು ಒಬ್ಬ ಕಾಲೇಜು ವಿದ್ಯಾರ್ಥಿಯದ್ದು. ವರದಿ ಬರೆಯುವುದಿರಲಿ, ಅವನು ಪಟ್ಟಿಯನ್ನೂ ಪೂರ್ತಿ ಓದಿದವನಲ್ಲ. ಹೆಸರು ಚೆನ್ನಾಗಿದೆ ಎಂದು ಚೆಂಡು ಹಿಡಿದು ಓಡುವ ಒಬ್ಬ ರನ್ನಿಂಗ್ ಬ್ಯಾಕ್‌ನನ್ನು ತೆಗೆದುಕೊಳ್ಳುತ್ತಾನೆ.

ಮೂರು ಋತು ಕಳೆಯುತ್ತವೆ, ಅಂದರೆ ಹೊರಗೆ ಆಗಸ್ಟ್. ರನ್ನಿಂಗ್ ಬ್ಯಾಕ್ ಲೀಗಿನ ದಾಖಲೆಗಳನ್ನೆಲ್ಲ ಮುರಿದು ಕೂತಿದ್ದಾನೆ. ಪಂಡಿತನ ಟ್ಯಾಕಲ್ ಅಂಗಿ ಹಿಡಿದೆಳೆದ ತಪ್ಪುಗಳ ಪಟ್ಟಿಯಲ್ಲಿ ಮೇಲಿನಿಂದ ಎರಡನೆಯವನು. ಅವನ ಬೆನ್ನ ಹಿಂದಿನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಆಸ್ಪತ್ರೆಯಲ್ಲಿದ್ದಾರೆ, ಅವರೂ ಇಲ್ಲದವರೇ. ಎಕ್ಸೆಲ್ ತೆರೆದು ಪಂಡಿತ ಕಾರಣ ಹುಡುಕುತ್ತಾನೆ. ಕಾಲೇಜು ಸರಿ, ಎತ್ತರ ಸರಿ, ತೋಳು ಸರಿ. ಉಳಿದದ್ದು ತರಬೇತಿ. ತಂಡದ ಮುಖ್ಯ ಕೋಚ್ ಯಾರು? ಲೀಗಿನ ನಿಯಮದಂತೆ ತಂಡದ ಯಜಮಾನನೇ, ಎಂದರೆ ತಾನೇ. ಆ ಸಾಲಿನ ಮೇಲೆ ಪಂಡಿತನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದರ ಕೆಳಗೆ ಲೈನ್ ಕೋಚ್ ಎಂದು ಒಬ್ಬನಿದ್ದಾನೆ, ಯಂತ್ರವೇ ಹಡೆದವನು, ವಯಸ್ಸು 58, ಹನ್ನೊಂದು ವರ್ಷಗಳ ಸೇವೆ.

ರಾತ್ರಿ ಒಂದು ಗಂಟೆಗೆ ಪಂಡಿತ ಅವನನ್ನು ಕೆಲಸದಿಂದ ತೆಗೆದುಹಾಕುತ್ತಾನೆ. ಬೆಳಗಿನ ತಿಂಡಿಯ ಹೊತ್ತಿಗೆ ಹೊಸ ಲೈನ್ ಕೋಚ್ ಹುದ್ದೆಗೆ ಆರು ಅರ್ಜಿಗಳು ಬಂದಿವೆ. ಅವರಲ್ಲಿ ಮೇಲಾದವನು ನಾಲ್ಕು ವರ್ಷದ ಕರಾರು ಕೇಳುತ್ತಿದ್ದಾನೆ. ಎರಡಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದು ಉತ್ತರ ಟೈಪಿಸಿ, ಪಂಡಿತ ವಿಮಾ ಕಚೇರಿಗೆ ಹೊರಟಿದ್ದಾನೆ.